ಪುಟ್ಟ ಮಕ್ಕಳ ಜೊತೆ ಕರಾವಳಿ ಪ್ರವಾಸಕ್ಕೆ ಹೊರಡುವವರಿಗೆ

ಮ್ಯಾಪ್ ಐದು ಗಂಟೆ ಅಂದರೆ ನೀವು ಏಳೂವರೆ ಅಂತಲೇ ಲೆಕ್ಕ ಹಾಕಿ. ಎರಡು ಗಂಟೆಗೊಮ್ಮೆಯಾದರೂ ನಿಲ್ಲಿಸಲೇಬೇಕು. ಕೂಸು ಕಾರ್ ಸೀಟಿನಲ್ಲಿ ಅದಕ್ಕಿಂತ ಜಾಸ್ತಿ ಹೊತ್ತು ಒಂದೇ ಸಮನೆ ಇರುವುದು ಒಳ್ಳೆಯದಲ್ಲ. ನಾವಂತೂ ಬೆಳಿಗ್ಗೆ ಬೀಚು, ಆಮೇಲೆ ಊಟ, ನಿದ್ದೆಯ ಹೊತ್ತಿಗೆ ಕಾರು ಅಂತ ಇಟ್ಟುಕೊಂಡಿದ್ದೇವೆ. ಬಿರುಬಿಸಿಲೂ ತಪ್ಪುತ್ತದೆ.

ಕಡಲ ಪಕ್ಕದ ರಸ್ತೆಯಲ್ಲಿ ಎಷ್ಟೋ ಕಡೆ ತಿರುವುಗಳೇ ತಿರುವು. 2ರಿಂದ 12 ವರ್ಷದವರಿಗೆ ವಾಂತಿಯ ಕಾಟ ಹೆಚ್ಚು. ಸುಮ್ನೆ ಇರಲಿ ಅಂತ ಫೋನ್ ಕೊಟ್ಟರೆ ಇನ್ನೂ ಕೆಡುತ್ತದೆ. ಕಾರಿನ ಅಲುಗಾಟ ಒಳಗಿವಿಗೆ ಗೊತ್ತಾಗುತ್ತದೆ, ಪರದೆ ನೋಡುವ ಕಣ್ಣಿಗೆ ಗೊತ್ತಾಗುವುದಿಲ್ಲ, ಅದೇ ತೊಂದರೆ. ದೂರದ ದೋಣಿ ಎಣಿಸುವ ಆಟ ಆಡಿಸಿ. ಒಂದು ಜೊತೆ ಬಟ್ಟೆ ಡಿಕ್ಕಿಯಲ್ಲಲ್ಲ, ಕೈಗೆ ಸಿಗುವಂತಿರಲಿ. (ಇದನ್ನು ಕಲಿತದ್ದು ಹೇಗೆ ಅಂತ ಕೇಳಬೇಡಿ!)

ತುಂಬಾ ಜನ ಮರೆಯುವುದು ಉಬ್ಬರ-ಇಳಿತದ ವೇಳೆ. ಹೆಚ್ಚಿನ ಕಡೆ ಇಳಿತದಿಂದ ಉಬ್ಬರಕ್ಕೆ ಸುಮಾರು 6 ಗಂಟೆ, ಮತ್ತೆ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ನಿನ್ನೆ ಮರಳಾಟ ಆಡಿದ ಜಾಗ ಇವತ್ತು ಅದೇ ಹೊತ್ತಿಗೆ ಹಾಗೇ ಇರಬೇಕೆಂದಿಲ್ಲ. ಬಂಡೆಗಳ ನಡುವಿನ ಗುಂಡಿಗಳಲ್ಲಿ ಏಡಿ ನೋಡಬೇಕಾದರೆ ನೀರು ಇಳಿಯುತ್ತಿರುವಾಗಲೇ ಹೋಗಿ.

ಸನ್‌ಸ್ಕ್ರೀನ್ ಎರಡು ಗಂಟೆಗೊಮ್ಮೆ, ನೀರಾಟದ ನಂತರ ಮತ್ತೊಮ್ಮೆ. ಆರು ತಿಂಗಳೊಳಗಿನ ಕೂಸಿಗೆ ನೆರಳೇ ಸರಿ. ನಿಲ್ಲಿಸಿದ ಕಾರಿನಲ್ಲಿ ಮಾತ್ರ ಮಗುವನ್ನು ಒಂದು ನಿಮಿಷವೂ ಬಿಡಬೇಡಿ, ಗಾಜು ಇಳಿಸಿದ್ದರೂ ಅಷ್ಟೇ.