ಮುಂಬಯಿಯ ಗೋಡೆಗೆ ಮುಂಬಯಿಯದೇ ಕ್ಯಾಲೆಂಡರ್

ಹನ್ನೆರಡು ಪ್ರಸಿದ್ಧ ಕಟ್ಟಡಗಳ ಚಿತ್ರಗಳನ್ನು ಹನ್ನೆರಡು ತಿಂಗಳಿಗೆ ಹಂಚಿದರೆ ಅದು ಪ್ರವಾಸಿಗರ ಕ್ಯಾಲೆಂಡರ್ ಆಗುತ್ತದೆಯೇ ಹೊರತು ಮುಂಬಯಿಯಲ್ಲಿ ಬಾಳುವವರದ್ದಾಗುವುದಿಲ್ಲ. ಆದ್ದರಿಂದ ಹೊಸ ವರ್ಷಕ್ಕೆ ಕ್ಯಾಲೆಂಡರ್ ಹೊರತರಲು ಬಯಸುವ ಇಲ್ಲಿನ ಕನ್ನಡ ಸಂಘಗಳು ಮೊದಲು ಯಾವ ತಿಂಗಳಲ್ಲಿ ಈ ನಗರ ಏನು ಮಾಡುತ್ತದೆ ಎಂಬುದನ್ನು ಬರೆದುಕೊಳ್ಳಬೇಕು.

ಜನವರಿಗೆ ಶಿವಡಿಯ ಕೆಸರು ತೀರದಲ್ಲಿ ಇಳಿಯುವ ರಾಜಹಂಸಗಳು ಒಪ್ಪುತ್ತವೆ. 1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಠಾಣೆಗೆ ದೇಶದ ಮೊದಲ ಪ್ರಯಾಣಿಕರ ರೈಲು ಓಡಿತಾದ್ದರಿಂದ ಏಪ್ರಿಲ್ ಪುಟ ಲೋಕಲ್ ರೈಲಿಗೆ ಸಲ್ಲಬೇಕು. ಶ್ರಾವಣದ ನಾರಳಿ ಪೂರ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸುವ ‘ಕೋಳಿ’ ಎಂಬ ಮೀನುಗಾರ ಸಮುದಾಯವನ್ನು ವರ್ಲಿ ಕೋಳಿವಾಡದಲ್ಲಿ ಕಾಣಬಹುದು. ಯುಗಾದಿಗೆ ಮಾಟುಂಗಾದ ಹೂವಿನ ಅಂಗಡಿಗಳಿಗಿಂತ ಉತ್ತಮ ಚಿತ್ರ ನನಗಂತೂ ಹೊಳೆಯುವುದಿಲ್ಲ. 1924ರ ಡಿಸೆಂಬರ್ 4ರಂದು ಉದ್ಘಾಟನೆಯಾದ ಗೇಟ್‌ವೇ ಆಫ್ ಇಂಡಿಯಾ ವರ್ಷದ ಕೊನೆಯ ಪುಟದಲ್ಲಿ ಬಂದರೆ ಸಾಕು. ಮಳೆಯ ಚಿತ್ರಗಳನ್ನು ಹಿಂದಿನ ಜೂನ್–ಜುಲೈಯಲ್ಲಿಯೇ ತೆಗೆದಿರಿಸಬೇಕು, ಮತ್ತು ಛಾಯಾಗ್ರಾಹಕರ ಲಿಖಿತ ಒಪ್ಪಿಗೆಯನ್ನು ಪಡೆದಿರಬೇಕು.

ಎರಡನೆಯ ಹೆಜ್ಜೆಯಾದ ಪಂಚಾಂಗಕ್ಕೆ ಹೆಚ್ಚಿನ ಶ್ರದ್ಧೆ ಬೇಕು. ಬೆಂಗಳೂರು ಅಥವಾ ಉಡುಪಿಯ ಗಣಿತವನ್ನು ಹಾಗೆಯೇ ಇಳಿಸಿಕೊಳ್ಳಬಾರದು. ಮುಂಬಯಿ ಪಶ್ಚಿಮಕ್ಕೂ ಉತ್ತರಕ್ಕೂ ಇರುವುದರಿಂದ ಚಳಿಗಾಲದಲ್ಲಿ ಇಲ್ಲಿನ ಸೂರ್ಯೋದಯ ಬೆಂಗಳೂರಿಗಿಂತ ಅರ್ಧ ಗಂಟೆಯ ಸನಿಹ ತಡವಾಗುತ್ತದೆ. ದಿನದ ತಿಥಿಯನ್ನು ಸೂರ್ಯೋದಯವೇ ನಿರ್ಧರಿಸುವುದರಿಂದ ಕೆಲವೊಮ್ಮೆ ತಿಥಿಯೇ ಬೇರೆಯಾಗಬಹುದು. ಸಂಕಷ್ಟಿಯ ಉಪವಾಸ ಮಾಡುವವರು ಕ್ಯಾಲೆಂಡರಿನಲ್ಲಿ ಹುಡುಕುವುದು ಚಂದ್ರೋದಯದ ಸಮಯವನ್ನು, ಅದೂ ಮುಂಬಯಿಯದ್ದೇ ಆಗಿರಬೇಕು. ಚಾಂದ್ರಮಾನ ಯುಗಾದಿ ಇಲ್ಲಿನ ಗುಡಿ ಪಾಡ್ವದ ದಿನವೇ ಬರುತ್ತದೆ. ಆದರೆ ಸೌರಮಾನ ಅನುಸರಿಸುವ ತುಳುವರ ಹೊಸ ವರ್ಷವಾದ ಬಿಸು ಏಪ್ರಿಲ್ ಮಧ್ಯದಲ್ಲಿ ಬರುವುದರಿಂದ ಅದನ್ನು ಮರೆಯದೆ ಸೇರಿಸಬೇಕು.

ವಿನ್ಯಾಸದಲ್ಲಿ ಚಿತ್ರಕ್ಕಿಂತ ಚೌಕಗಳಿಗೆ ಹೆಚ್ಚು ಜಾಗ ಕೊಡಿ. ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ, ಮನೆಗೆಲಸದವರ ರಜೆ ಎಲ್ಲವನ್ನೂ ಗೃಹಿಣಿಯರು ಅಲ್ಲಿಯೇ ಬರೆಯುತ್ತಾರೆ. ಇದೇ ಕಾರಣಕ್ಕೆ ಪೆನ್ನಿನ ಶಾಯಿ ಹಿಡಿಯದ ನುಣುಪು ಕಾಗದವನ್ನು ಬಿಟ್ಟು ಹೊಳಪಿಲ್ಲದ ದಪ್ಪ ಕಾಗದವನ್ನು ಆರಿಸುವುದು ಲೇಸು.

ಚಿತ್ರಗಳು ಮುದ್ರಣದ ಅಳತೆಯಲ್ಲಿ 300 ಡಿಪಿಐ (ಇಂಚಿಗೆ 300 ಚುಕ್ಕೆ) ಇರಲಿ, ಅಂಚಿನಲ್ಲಿ ಕತ್ತರಿಸಲು 3 ಮಿ.ಮೀ. ಹೆಚ್ಚುವರಿ ಬಿಡಿ. ಮುದ್ರಣಾಲಯದ ಕಂಪ್ಯೂಟರಿನಲ್ಲಿ ಕನ್ನಡದ ಒತ್ತಕ್ಷರಗಳು ಒಡೆಯುವ ಸಂಭವವಿರುವುದರಿಂದ ಫಾಂಟನ್ನು (ಅಕ್ಷರ ವಿನ್ಯಾಸವನ್ನು) ಕಡತದೊಳಗೇ ಅಡಕಗೊಳಿಸಿದ ಪಿಡಿಎಫ್ ಕಳುಹಿಸಿ, ಕಾಗದದ ಮೇಲೆ ಪ್ರೂಫ್ ತರಿಸಿಕೊಂಡು, ತಿಥಿಗಳನ್ನು ಒಬ್ಬರು, ಅಕ್ಷರಗಳನ್ನು ಮತ್ತೊಬ್ಬರು ಓದಿದ ಬಳಿಕವೇ ಮುದ್ರಣಕ್ಕೆ ಒಪ್ಪಿಗೆ ನೀಡಬೇಕು.