ಚೀಟಿಗೆ ಇನ್ನೊಂದು ಮಾತ್ರೆ ಸೇರಿಸುವ ಮುನ್ನ: ರಕ್ತದೊತ್ತಡದ ಚಿಕಿತ್ಸೆಯಲ್ಲಿ ನನ್ನ ಅನುಭವ

ವೃತ್ತಿಯ ಮೂರನೆಯ ವರ್ಷದಲ್ಲಿ ಎಪ್ಪತ್ತು ದಾಟಿದ ಮಹಿಳೆಯೊಬ್ಬರಿಗೆ ನಾನು ಆಮ್ಲೊಡಿಪಿನ್ 5 ಮಿಲಿಗ್ರಾಂ ಬರೆದುಕೊಟ್ಟೆ. ಅವರ ರಕ್ತದೊತ್ತಡ 174/88 ಇತ್ತು. ಒಂದು ತಿಂಗಳಲ್ಲಿ ಮೇಲಿನ ಅಂಕಿ 154ಕ್ಕೆ ಇಳಿಯಿತು. ಇನ್ನೂ ಇಳಿಯಬೇಕೆಂದು ಪ್ರಮಾಣವನ್ನು 10 ಮಿಲಿಗ್ರಾಂಗೆ ಏರಿಸಿದೆ. ಮುಂದಿನ ಸಲ ಬಂದಾಗ ಅವರ ಎರಡೂ ಪಾದಗಳು ಊದಿಕೊಂಡಿದ್ದವು. "ಚಪ್ಪಲಿ ಹಿಡಿಸುತ್ತಿಲ್ಲ ಡಾಕ್ಟ್ರೇ, ಸಂಜೆಯಾದರೆ ಕಾಲು ಕಲ್ಲಿನ ಹಾಗೆ ಭಾರವಾಗುತ್ತೆ" ಎಂದರು. ಊತವೆಂದರೆ ನೀರು, ನೀರೆಂದರೆ ಮೂತ್ರವರ್ಧಕ ಎಂಬ ಲೆಕ್ಕಾಚಾರದಲ್ಲಿ ನಾನು ಹೈಡ್ರೊಕ್ಲೋರೊಥಯಾಜೈಡ್ 25 ಮಿಲಿಗ್ರಾಂ ಸೇರಿಸಿ ಕಳುಹಿಸಿದೆ. ಮೂರು ವಾರ ಕಳೆಯುವಷ್ಟರಲ್ಲಿ ಮನೆಯವರು ಅವರನ್ನು ಹಿಡಿದುಕೊಂಡು ಬಂದರು. ನಡಿಗೆ ತಪ್ಪುತ್ತಿತ್ತು, ಮಾತು ಎಲ್ಲಿಂದೆಲ್ಲಿಗೋ ಹೋಗುತ್ತಿತ್ತು. ರಕ್ತದಲ್ಲಿ ಸೋಡಿಯಂ 119ಕ್ಕೆ ಕುಸಿದಿತ್ತು. 135ಕ್ಕಿಂತ ಕೆಳಗಿಳಿದರೇ ನಾವು ಕಡಿಮೆಯೆಂದು ಎಣಿಸುತ್ತೇವೆ. ಅವರು ಚೇತರಿಸಿಕೊಂಡರು, ಆದರೆ ಆಸ್ಪತ್ರೆಯಲ್ಲಿ ಕಳೆದ ಆ ದಿನಗಳಿಗೆ ಕಾರಣ ನನ್ನ ಚೀಟಿಯೇ ಆಗಿತ್ತು.

ಅಲ್ಲಿ ನಡೆದದ್ದು ಇಷ್ಟು. ಆಮ್ಲೊಡಿಪಿನ್ ಕ್ಯಾಲ್ಸಿಯಂ ದ್ವಾರಗಳನ್ನು ತಡೆದು ಸಣ್ಣ ಅಪಧಮನಿಗಳ ಗೋಡೆಯ ಸ್ನಾಯುವನ್ನು ಸಡಿಲಗೊಳಿಸುತ್ತದೆ, ಆದರೆ ಅಭಿಧಮನಿಗಳ ಬದಿಯಲ್ಲಿ ಅಷ್ಟೇ ಸಡಿಲಿಕೆ ಆಗುವುದಿಲ್ಲ. ಒಳಬರುವ ದಾರಿ ಅಗಲವಾಗಿ ಹೊರಹೋಗುವ ದಾರಿ ಹಾಗೆಯೇ ಉಳಿದಾಗ, ನಡುವಿನ ಲೋಮನಾಳಗಳಲ್ಲಿ ಒತ್ತಡ ಹೆಚ್ಚಿ ದ್ರವ ಅಂಗಾಂಶಕ್ಕೆ ಸೋರುತ್ತದೆ, ಮತ್ತು ಗುರುತ್ವದಿಂದಾಗಿ ಅದು ಪಾದಗಳಲ್ಲಿ ನಿಲ್ಲುತ್ತದೆ. ದೇಹದಲ್ಲಿ ಒಟ್ಟು ನೀರು ಹೆಚ್ಚಾಗಿರುವುದಿಲ್ಲವಾದ್ದರಿಂದ ಮೂತ್ರವರ್ಧಕ ಈ ಊತವನ್ನು ಹೆಚ್ಚೇನೂ ಕರಗಿಸದು. ಥಯಾಜೈಡ್ ಗುಂಪಿನ ಔಷಧಿಯಾದರೆ ವಯಸ್ಸಾದ ಮಹಿಳೆಯರಲ್ಲಿ, ಅದರಲ್ಲೂ ತೆಳು ಮೈಕಟ್ಟಿನವರಲ್ಲಿ, ಸೋಡಿಯಂ ಅನ್ನು ಅಪಾಯಕರವಾಗಿ ಇಳಿಸಬಲ್ಲದು. ಅವರ ವಿಷಯದಲ್ಲಿ ಮುಂದೆ ನಾನು ಮಾಡಿದ್ದು ಮೂತ್ರವರ್ಧಕವನ್ನು ನಿಲ್ಲಿಸಿ, ಆಮ್ಲೊಡಿಪಿನ್ ಅನ್ನು ಮತ್ತೆ 5ಕ್ಕೆ ತಂದು, ಟೆಲ್ಮಿಸಾರ್ಟನ್ 40 ಮಿಲಿಗ್ರಾಂ ಸೇರಿಸಿದ್ದು. ಟೆಲ್ಮಿಸಾರ್ಟನ್‌ನಂತಹ ಔಷಧಿಗಳು ಹೊರಹೋಗುವ ದಾರಿಯನ್ನೂ ಸಡಿಲಿಸುವುದರಿಂದ ಊತ ಇಳಿಯಿತು, ರಕ್ತದೊತ್ತಡವೂ ಹಿಡಿತಕ್ಕೆ ಬಂತು. ಒಂದು ಔಷಧಿಯ ಅಡ್ಡಪರಿಣಾಮವನ್ನು ಹೊಸ ಕಾಯಿಲೆಯೆಂದು ಭಾವಿಸಿ ಅದಕ್ಕೆ ಇನ್ನೊಂದು ಔಷಧಿ ಬರೆಯುವ ಈ ತಪ್ಪು ಎಷ್ಟು ಸುಲಭವಾಗಿ ಆಗುತ್ತದೆ ಎಂಬುದನ್ನು ಆ ಒಂದು ಪ್ರಕರಣ ನನಗೆ ತೋರಿಸಿಕೊಟ್ಟಿತು. ನನ್ನ ಚೀಟಿ ಬರೆಯುವ ಕ್ರಮ ಬದಲಾಗತೊಡಗಿದ್ದು ಅಲ್ಲಿಂದ.

ಮೊದಲು ಬದಲಾದದ್ದು ಪ್ರಮಾಣ ಏರಿಸುವ ಅಭ್ಯಾಸ. ಒಂದು ಮಾತ್ರೆಯಿಂದ ಸ್ವಲ್ಪ ಗುಣ ಕಂಡರೆ ಅದನ್ನೇ ಇಮ್ಮಡಿ ಮಾಡಿದರೆ ಇಮ್ಮಡಿ ಗುಣ ಸಿಗುತ್ತದೆ ಎಂದು ಯಾರಿಗಾದರೂ ಅನ್ನಿಸುವುದು ಸಹಜ, ಆದರೆ ಈ ಔಷಧಿಗಳು ಹಾಗೆ ವರ್ತಿಸುವುದಿಲ್ಲ. 42 ಪ್ರಯೋಗಗಳನ್ನು ಒಟ್ಟುಗೂಡಿಸಿ 2009ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಒಂದೇ ಔಷಧಿಯ ಪ್ರಮಾಣವನ್ನು ಇಮ್ಮಡಿಗೊಳಿಸುವುದಕ್ಕಿಂತ ಬೇರೆ ಗುಂಪಿನ ಎರಡನೆಯ ಔಷಧಿಯನ್ನು ಸೇರಿಸುವುದರಿಂದ ಸಿಗುವ ಹೆಚ್ಚುವರಿ ಇಳಿಕೆ ಸುಮಾರು ಐದು ಪಟ್ಟು ದೊಡ್ಡದು. ಅಡ್ಡಪರಿಣಾಮಗಳಾದರೋ, ಆಮ್ಲೊಡಿಪಿನ್‌ನ ಊತ ಮತ್ತು ಥಯಾಜೈಡ್‌ಗಳ ಲವಣದ ಏರುಪೇರಿನಂತಹವು, ಪ್ರಮಾಣದ ಜೊತೆಗೇ ಏರುತ್ತವೆ. ಹೀಗಾಗಿ ಒತ್ತಡ ಗುರಿಗಿಂತ 20ರಷ್ಟು ಮೇಲಿದ್ದರೆ ಈಗ ನಾನು ಮೊದಲ ದಿನವೇ ಎರಡು ಔಷಧಿಗಳನ್ನು ಸಣ್ಣ ಪ್ರಮಾಣದಲ್ಲಿ, ಸಾಧ್ಯವಾದರೆ ಒಂದೇ ಮಾತ್ರೆಯಲ್ಲಿ, ಕೊಡುತ್ತೇನೆ. ತೀರ ವಯಸ್ಸಾದವರಲ್ಲಿ ಮತ್ತು ಎದ್ದು ನಿಂತಾಗ ತಲೆ ತಿರುಗುವವರಲ್ಲಿ ಮಾತ್ರ ಒಂದೇ ಔಷಧಿಯಿಂದ, ಅದೂ ಅರ್ಧ ಪ್ರಮಾಣದಿಂದ, ಆರಂಭಿಸುತ್ತೇನೆ. ಅಂಥವರನ್ನು ಕೂರಿಸಿ ಅಳೆದರೆ ಸಾಲದು. ಎದ್ದು ನಿಂತ ಒಂದನೆಯ ಮತ್ತು ಮೂರನೆಯ ನಿಮಿಷದಲ್ಲಿ ಮತ್ತೆ ಅಳೆಯಬೇಕು. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಔಷಧಿ ಏರಿಸುವ ಮಾತನ್ನು ಪಕ್ಕಕ್ಕಿಡುತ್ತೇನೆ.

ಯಾವ ಔಷಧಿಯಿಂದ ಆರಂಭಿಸಬೇಕು ಎಂಬ ಪ್ರಶ್ನೆಗೆ ರೋಗಿಯ ಉಳಿದ ದೇಹಸ್ಥಿತಿಯೇ ಬಹುಪಾಲು ಉತ್ತರ ಹೇಳುತ್ತದೆ. ಮಧುಮೇಹದ ಜೊತೆಗೆ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದರೆ ರಾಮಿಪ್ರಿಲ್, ಎನಲಾಪ್ರಿಲ್‌ನಂತಹ ಎಸಿಇ ತಡೆಗಳು (ಎಸಿಇ ಎಂಬ ಕಿಣ್ವವನ್ನು ತಡೆದು ರಕ್ತನಾಳಗಳು ಬಿಗಿಯಾಗದಂತೆ ನೋಡಿಕೊಳ್ಳುವ ಔಷಧಿಗಳು) ಅಥವಾ ಲೊಸಾರ್ಟನ್, ಟೆಲ್ಮಿಸಾರ್ಟನ್‌ನಂತಹ ಸಾರ್ಟನ್‌ಗಳು ಮೊದಲು ಬರುತ್ತವೆ, ಏಕೆಂದರೆ ಅವು ಮೂತ್ರಪಿಂಡದ ಸೋಸುವ ಜಾಲದೊಳಗಿನ ಒತ್ತಡವನ್ನೂ ಇಳಿಸುತ್ತವೆ. ಹೃದಯಾಘಾತ ಆಗಿದ್ದವರಿಗೆ ಹೃದಯದ ಬಡಿತವನ್ನು ನಿಧಾನಗೊಳಿಸುವ ಮೆಟೊಪ್ರೊಲಾಲ್‌ನಂತಹ ಬೀಟಾ ತಡೆ ಬೇಕಾಗಬಹುದು. ಬೇರೆ ಕಾರಣವಿಲ್ಲದಿದ್ದರೆ ಬರೀ ರಕ್ತದೊತ್ತಡಕ್ಕೆಂದು ನಾನು ಅದನ್ನು ಮೊದಲ ಔಷಧಿಯಾಗಿ ಬರೆಯುವುದಿಲ್ಲ. ಆಸ್ತಮಾ ಇದ್ದವರಿಗೆ ಬೀಟಾ ತಡೆ ಉಸಿರನ್ನೇ ಕಟ್ಟಿಸಬಹುದು. ಗೌಟ್ ಇದ್ದವರಲ್ಲಿ ಥಯಾಜೈಡ್ ಯೂರಿಕ್ ಆಮ್ಲವನ್ನು ಏರಿಸಿ ಕೀಲುನೋವು ಕೆರಳಿಸುತ್ತದೆ, ಲೊಸಾರ್ಟನ್ ಅದನ್ನು ತುಸು ಇಳಿಸುತ್ತದೆ.

ಥಯಾಜೈಡ್‌ನಿಂದ ಒಮ್ಮೆ ಪೆಟ್ಟು ತಿಂದ ಮೇಲೆ ನಾನು ಆ ಗುಂಪನ್ನೇ ಕೆಲವು ವರ್ಷ ದೂರವಿಟ್ಟಿದ್ದೆ. ಅದೂ ಒಂದು ತಪ್ಪೇ. 1950ರ ದಶಕದ ಕೊನೆಯಲ್ಲಿ ಬಳಕೆಗೆ ಬಂದ ಈ ಔಷಧಿಗಳ ಬಲವೇನೆಂದು ತೋರಿಸಿದ್ದು 2002ರಲ್ಲಿ ಪ್ರಕಟವಾದ ಆಲ್‌ಹ್ಯಾಟ್ ಪ್ರಯೋಗ. ಅದರಲ್ಲಿ ಮೂವತ್ತಮೂರು ಸಾವಿರಕ್ಕೂ ಹೆಚ್ಚು ಜನರಲ್ಲಿ ಕ್ಲೋರ್ಥಾಲಿಡೋನ್ (ಥಯಾಜೈಡ್‌ನಂತೆಯೇ ಕೆಲಸ ಮಾಡುವ ಹಳೆಯ ಮೂತ್ರವರ್ಧಕ), ಆಮ್ಲೊಡಿಪಿನ್ ಮತ್ತು ಲಿಸಿನೊಪ್ರಿಲ್ ಅನ್ನು ಹೋಲಿಸಿ ನೋಡಿದಾಗ, ಹೃದಯಾಘಾತವನ್ನು ತಡೆಯುವುದರಲ್ಲಿ ಹೊಸ ಔಷಧಿಗಳು ಹಳೆಯದನ್ನು ಮೀರಿಸಲಿಲ್ಲ; ಹೃದಯ ವೈಫಲ್ಯವಂತೂ ಕ್ಲೋರ್ಥಾಲಿಡೋನ್ ಪಡೆದವರಲ್ಲೇ ಕಡಿಮೆ ಕಂಡಿತು. ಅದೇ ಪ್ರಯೋಗದಲ್ಲಿ ಆಲ್ಫಾ ತಡೆ ಗುಂಪಿನ ಡೋಕ್ಸಜೋಸಿನ್ ಪಡೆದವರಲ್ಲಿ ಹೃದಯ ವೈಫಲ್ಯ ಹೆಚ್ಚಿದ್ದರಿಂದ ಆ ಭಾಗವನ್ನು 2000ದಲ್ಲೇ ನಿಲ್ಲಿಸಲಾಗಿತ್ತು. ಈಗ ನಾನು ಕ್ಲೋರ್ಥಾಲಿಡೋನ್ ಅನ್ನು 6.25 ಅಥವಾ 12.5 ಮಿಲಿಗ್ರಾಂನಿಂದ ಆರಂಭಿಸಿ, ಎರಡರಿಂದ ನಾಲ್ಕು ವಾರದೊಳಗೆ ಸೋಡಿಯಂ ಮತ್ತು ಪೊಟ್ಯಾಸಿಯಂ ಪರೀಕ್ಷೆ ಮಾಡಿಸದೆ ಮುಂದುವರಿಸುವುದಿಲ್ಲ.

ಎಸಿಇ ತಡೆಗಳ ಹುಟ್ಟಿನ ಕಥೆ ನನಗೆ ಬಹಳ ಪ್ರಿಯವಾದದ್ದು. ಬ್ರೆಜಿಲ್‌ನ ಜರರಾಕ ಎಂಬ ಮಂಡಲದ ಜಾತಿಯ ಹಾವಿನ ವಿಷದಲ್ಲಿ ರಕ್ತನಾಳಗಳನ್ನು ಹಿಗ್ಗಿಸುವ ಬ್ರಾಡಿಕೈನಿನ್ ಎಂಬ ವಸ್ತುವಿನ ಪರಿಣಾಮವನ್ನು ಹೆಚ್ಚಿಸುವ ಅಂಶವಿದೆ ಎಂದು ಅಲ್ಲಿನ ವಿಜ್ಞಾನಿ ಸೆರ್ಜಿಯೊ ಫೆರೇರಾ 1960ರ ದಶಕದಲ್ಲಿ ಗುರುತಿಸಿದರು. ಆ ಎಳೆಯನ್ನು ಹಿಡಿದು ಹೋದ ಸಂಶೋಧನೆಯಿಂದ ಕ್ಯಾಪ್ಟೊಪ್ರಿಲ್ ಬಂತು, 1981ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಕಥೆಯನ್ನು ಇಲ್ಲಿ ನೆನೆದದ್ದಕ್ಕೆ ಕಾರಣವಿದೆ. ಈ ಗುಂಪಿನ ಮಾತ್ರೆಗಳು ತರುವ ಒಣಕೆಮ್ಮಿಗೂ ಇದೇ ಬ್ರಾಡಿಕೈನಿನ್ ಮುಖ್ಯ ಕಾರಣವೆಂದು ತಿಳಿಯಲಾಗಿದೆ. ನಾನು ಎನಲಾಪ್ರಿಲ್ ಕೊಟ್ಟಿದ್ದ ಶಿಕ್ಷಕರೊಬ್ಬರು ನಾಲ್ಕು ತಿಂಗಳು ಕೆಮ್ಮಿದರು. ಎದೆಯ ಎಕ್ಸ್‌ರೇ ಆಯಿತು, ಎರಡು ಸುತ್ತು ಆಂಟಿಬಯೋಟಿಕ್ ಆಯಿತು, ಕೆಮ್ಮಿನ ಸಿರಪ್‌ಗಳು ಆದವು. ಅವರು ಕೆಮ್ಮಿಗೆ ಬೇರೆ ಕಡೆ ತೋರಿಸುತ್ತಿದ್ದರು, ಬಿಪಿಗೆ ನನ್ನ ಬಳಿ ಬರುತ್ತಿದ್ದರು. ಕೆಮ್ಮಿನ ಮಾತನ್ನು ನನ್ನೆದುರು ಎತ್ತಿರಲಿಲ್ಲ, ನಾನೂ ಕೇಳಿರಲಿಲ್ಲ. ಮಾತ್ರೆಯನ್ನು ಲೊಸಾರ್ಟನ್‌ಗೆ ಬದಲಿಸಿದ ಮೂರನೆಯ ವಾರಕ್ಕೆ ಕೆಮ್ಮು ನಿಂತಿತು. ಕೆಲವರಲ್ಲಿ ನಿಲ್ಲಲು ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ. ಈ ಕೆಮ್ಮು ಪ್ರಮಾಣ ತಗ್ಗಿಸಿದರೆ ಹೋಗುವಂಥದ್ದಲ್ಲ, ಔಷಧಿಯನ್ನೇ ಬದಲಿಸಬೇಕು. ತುಟಿ ಅಥವಾ ನಾಲಿಗೆ ಊದಿಕೊಳ್ಳುವುದು ಅಪರೂಪವಾದರೂ ಪ್ರಾಣಕ್ಕೆ ಕುತ್ತು ತರಬಲ್ಲದ್ದರಿಂದ, ಅಂತಹ ಸೂಚನೆ ಕಂಡ ಕೂಡಲೇ ಮಾತ್ರೆ ನಿಲ್ಲಿಸಿ ತುರ್ತು ಚಿಕಿತ್ಸೆಗೆ ಧಾವಿಸಬೇಕೆಂದು ಮೊದಲ ದಿನವೇ ಹೇಳಿರುತ್ತೇನೆ.

ಎಸಿಇ ತಡೆ ಅಥವಾ ಸಾರ್ಟನ್ ಆರಂಭಿಸಿದ ಒಂದೆರಡು ವಾರದಲ್ಲಿ ರಕ್ತದಲ್ಲಿನ ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತಗ್ಗಿದರೆ ಏರುವ ವಸ್ತು) ಮತ್ತು ಪೊಟ್ಯಾಸಿಯಂ ನೋಡುತ್ತೇನೆ. ಕ್ರಿಯಾಟಿನಿನ್ ತುಸು ಏರಿದ್ದನ್ನು ಕಂಡು ಗಾಬರಿಯಿಂದ ಔಷಧಿ ನಿಲ್ಲಿಸಿದ್ದು ನನ್ನ ಆರಂಭದ ದಿನಗಳಲ್ಲಿ ಹಲವು ಸಲ ನಡೆದಿದೆ. ಮೂಲಮಟ್ಟದಿಂದ ಶೇಕಡಾ 30ರವರೆಗಿನ ಏರಿಕೆಯನ್ನು ಸಹಿಸಿ ಕಾಯಬಹುದು, ಅದನ್ನು ಮೀರಿದರೆ ಕಾರಣ ಹುಡುಕಬೇಕು. ಈ ಎರಡು ಗುಂಪುಗಳನ್ನು ಒಬ್ಬರಿಗೇ ಒಟ್ಟಿಗೆ ಕೊಡುವುದಿಲ್ಲ. 2008ರ ಆನ್‌ಟಾರ್ಗೆಟ್ ಪ್ರಯೋಗದಲ್ಲಿ ಟೆಲ್ಮಿಸಾರ್ಟನ್ ಮತ್ತು ರಾಮಿಪ್ರಿಲ್ ಎರಡನ್ನೂ ಪಡೆದವರಿಗೆ ಹೆಚ್ಚಿನ ಲಾಭವಾಗಲಿಲ್ಲ, ಮೂತ್ರಪಿಂಡಕ್ಕೆ ತೊಂದರೆ ಮಾತ್ರ ಹೆಚ್ಚಾಯಿತು. ಗರ್ಭಿಣಿಯರಿಗೆ ಇವೆರಡೂ ನಿಷಿದ್ಧ, ಮಗುವಿನ ಮೂತ್ರಪಿಂಡಗಳ ಬೆಳವಣಿಗೆಗೇ ಇವು ಹಾನಿ ಮಾಡುತ್ತವೆ. ಆದ್ದರಿಂದ ಮಕ್ಕಳನ್ನು ಪಡೆಯುವ ವಯಸ್ಸಿನ ಪ್ರತಿಯೊಬ್ಬ ಮಹಿಳೆಯನ್ನೂ ಚೀಟಿ ಬರೆಯುವ ಮುನ್ನವೇ ಆ ಬಗ್ಗೆ ಕೇಳುತ್ತೇನೆ, ಅಗತ್ಯವಿದ್ದಲ್ಲಿ ಲೆಬೆಟಲಾಲ್, ನಿಧಾನವಾಗಿ ಬಿಡುಗಡೆಯಾಗುವ ನಿಫೆಡಿಪಿನ್ ಅಥವಾ ಮೀಥೈಲ್‌ಡೋಪಾ ಆರಿಸಿಕೊಳ್ಳುತ್ತೇನೆ.

ಒತ್ತಡ ಇಳಿಯದಿದ್ದಾಗ ಔಷಧಿ ಸೇರಿಸುವ ಮುನ್ನ ನಾನು ಹೆಚ್ಚು ಸಮಯ ಕೊಡುವುದು ಮಾತಿಗೆ. "ಮಾತ್ರೆ ಸರಿಯಾಗಿ ತಗೊಳ್ತಿದ್ದೀರಾ?" ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. "ಹೋದ ವಾರ ಎಷ್ಟು ದಿನ ತಪ್ಪಿತು? ಎಲ್ಲರಿಗೂ ತಪ್ಪುತ್ತೆ" ಎಂದು ಕೇಳಿದರೆ ನಿಜ ಹೊರಬರುತ್ತದೆ. ಒತ್ತಡ ಸರಿಹೋಯಿತಲ್ಲ, ಇನ್ನೇಕೆ ಮಾತ್ರೆ ಎಂದು ತಾವಾಗಿಯೇ ಬಿಟ್ಟವರು, ಒಮ್ಮೆ ಶುರು ಮಾಡಿದರೆ ಜೀವನಪೂರ್ತಿ ಬಿಡಲಾಗದೆಂಬ ಭಯಕ್ಕೆ ದಿನ ಬಿಟ್ಟು ದಿನ ನುಂಗುವವರು, ರಕ್ತಪರೀಕ್ಷೆಯಿದೆಯೆಂದು ಅಂದು ಬೆಳಗಿನ ಮಾತ್ರೆಯನ್ನೂ ಬಿಟ್ಟು ಬಂದವರು, ಎಲ್ಲರೂ ನನ್ನೆದುರು ಕುಳಿತಿದ್ದಾರೆ. ಕೊನೆಯವರ ವಿಷಯದಲ್ಲಿ ಅಂದಿನ ಅಂಕಿಯನ್ನು ನಂಬಿ ನಾನು ಚೀಟಿ ಬದಲಿಸಿದ್ದರೆ, ಮರುದಿನದಿಂದ ಅವರು ಎರಡೂ ಮಾತ್ರೆ ನುಂಗಿ ತಲೆತಿರುಗಿ ಬೀಳುತ್ತಿದ್ದರು. ಬೆಳಗ್ಗೆಯೋ ರಾತ್ರಿಯೋ ಎಂಬ ಪ್ರಶ್ನೆಯನ್ನು ನಾನು ಈಗ ಅವರಿಗೇ ಬಿಡುತ್ತೇನೆ. 2022ರಲ್ಲಿ ಪ್ರಕಟವಾದ ಬ್ರಿಟನ್ನಿನ ಟೈಮ್ ಪ್ರಯೋಗದಲ್ಲಿ ಇಪ್ಪತ್ತೊಂದು ಸಾವಿರಕ್ಕೂ ಹೆಚ್ಚು ಜನರನ್ನು ಗಮನಿಸಿದಾಗ ಎರಡರ ನಡುವೆ ಹೃದಯದ ರಕ್ಷಣೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಮರೆಯದ ಹೊತ್ತೇ ಸರಿಯಾದ ಹೊತ್ತು.

ಬೇರೆ ಔಷಧಿಗಳ ಬಗ್ಗೆಯೂ ಕೇಳುತ್ತೇನೆ. ಮಂಡಿನೋವಿಗೆಂದು ದಿನವೂ ಐಬುಪ್ರೊಫೆನ್ ಅಥವಾ ಡೈಕ್ಲೊಫೆನಾಕ್ ನುಂಗುತ್ತಿದ್ದರೆ ಒತ್ತಡ ಏರುತ್ತದೆ, ಮತ್ತು ಆ ನೋವಿನ ಮಾತ್ರೆ ಸಾರ್ಟನ್ ಹಾಗೂ ಮೂತ್ರವರ್ಧಕದ ಜೊತೆ ಸೇರಿದರೆ ಮೂತ್ರಪಿಂಡ ಹಠಾತ್ತನೆ ಕೆಡಬಹುದು. ಅದನ್ನು "ಔಷಧಿ" ಎಂದು ರೋಗಿಗಳು ಲೆಕ್ಕಕ್ಕೇ ಇಡುವುದಿಲ್ಲವಾದ್ದರಿಂದ ನಾನು "ನೋವಿಗೆ ಏನು ತಗೊಳ್ತೀರಿ?" ಎಂದು ಬೇರೆಯಾಗಿಯೇ ಕೇಳಬೇಕಾಗುತ್ತದೆ. ಆಮೇಲೆ ಅಳತೆಯ ಪ್ರಶ್ನೆ. ತೋಳಿಗೆ ಸಣ್ಣದಾದ ಪಟ್ಟಿ ಅಂಕಿಯನ್ನು ಹೆಚ್ಚಾಗಿ ತೋರಿಸುತ್ತದೆ. ವೈದ್ಯರೆದುರು ಮಾತ್ರ ಏರುವ ಒತ್ತಡವೂ ಉಂಟು. ಐದು ನಿಮಿಷ ಸುಮ್ಮನೆ ಕುಳಿತು, ತೋಳನ್ನು ಹೃದಯದ ಮಟ್ಟದಲ್ಲಿಟ್ಟು, ಒಂದು ವಾರ ಬೆಳಗ್ಗೆ ಸಂಜೆ ಎರಡೆರಡು ಸಲ ಮನೆಯಲ್ಲಿ ಅಳೆದು ಬರೆದು ತರಲು ಹೇಳಿ, ಮೊದಲ ದಿನದ್ದನ್ನು ಬಿಟ್ಟು ಸರಾಸರಿ ತೆಗೆಯುತ್ತೇನೆ. ಮನೆಯ ಸರಾಸರಿ 135/85ಕ್ಕಿಂತ ಕೆಳಗಿದ್ದರೆ ನನ್ನ ಕೋಣೆಯ 150 ನನ್ನನ್ನು ಹೆದರಿಸುವುದಿಲ್ಲ.

ಇಷ್ಟೆಲ್ಲ ಸರಿಯಿದ್ದೂ, ಮೂತ್ರವರ್ಧಕವೂ ಸೇರಿದಂತೆ ಮೂರು ಔಷಧಿಗಳು ಪೂರ್ಣ ಪ್ರಮಾಣದಲ್ಲಿದ್ದೂ ಒತ್ತಡ ಇಳಿಯದವರು ಕೆಲವರು ಉಳಿಯುತ್ತಾರೆ. ಅವರಲ್ಲಿ ದೇಹದಲ್ಲಿ ಉಪ್ಪನ್ನು ಹಿಡಿದಿಡುವ ಆಲ್ಡೋಸ್ಟಿರೋನ್ ಎಂಬ ಹಾರ್ಮೋನ್ ಹೆಚ್ಚಾಗಿದೆಯೇ ಎಂದು ಪರೀಕ್ಷಿಸಿ, ನಾಲ್ಕನೆಯದಾಗಿ ಅದನ್ನು ತಡೆಯುವ ಸ್ಪೈರೊನೊಲ್ಯಾಕ್ಟೋನ್ 25 ಮಿಲಿಗ್ರಾಂ ಸೇರಿಸುತ್ತೇನೆ. 2015ರ ಪಾಥ್‌ವೇ-2 ಪ್ರಯೋಗ ಇಂತಹ ರೋಗಿಗಳಲ್ಲಿ ಅದು ಬೀಟಾ ಮತ್ತು ಆಲ್ಫಾ ತಡೆಗಳಿಗಿಂತ ಮೇಲೆಂದು ತೋರಿಸಿತು. ಪೊಟ್ಯಾಸಿಯಂ ಏರುವ ಅಪಾಯ ಇದರ ಬೆನ್ನಿಗೇ ಇರುತ್ತದೆ. ಗಂಡಸರಲ್ಲಿ ಎದೆ ಊದಿ ನೋಯಬಹುದೆಂದು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಸಂಕೋಚದಿಂದ ಏನನ್ನೂ ಹೇಳದೆ ಮಾತ್ರೆ ಬಿಟ್ಟುಬಿಡುತ್ತಾರೆ.

ತುರ್ತಿನ ಹೆಸರಿನಲ್ಲಿ ನಾನು ಕಲಿಕೆಯ ದಿನಗಳಲ್ಲಿ ಕಂಡ ಒಂದು ಪದ್ಧತಿಯನ್ನು ಹೇಳಲೇಬೇಕು. ಒತ್ತಡ 200 ಇದ್ದರೆ, ರೋಗಿಗೆ ಯಾವ ತೊಂದರೆಯೂ ಇಲ್ಲದಿದ್ದರೂ, ನಿಫೆಡಿಪಿನ್ ಗುಳಿಗೆಯನ್ನು ಚುಚ್ಚಿ ನಾಲಿಗೆಯ ಕೆಳಗೆ ಹಿಂಡುತ್ತಿದ್ದರು. ಒತ್ತಡ ಎಷ್ಟು ಇಳಿಯುತ್ತದೆಂಬುದು ಯಾರ ಹಿಡಿತದಲ್ಲೂ ಇರುತ್ತಿರಲಿಲ್ಲ. ಪಾರ್ಶ್ವವಾಯು, ಹೃದಯಾಘಾತಗಳು ವರದಿಯಾಗಿ 1990ರ ದಶಕದಲ್ಲಿ ಅದರ ವಿರುದ್ಧ ಸ್ಪಷ್ಟ ಎಚ್ಚರಿಕೆಗಳು ಬಂದವು. ಎದೆನೋವು, ಉಸಿರಾಟದ ತೊಂದರೆ, ದೃಷ್ಟಿ ಮಂಜಾಗುವುದು, ಕೈಕಾಲು ಸೋಲುವುದು ಇವುಗಳಲ್ಲಿ ಒಂದಿದ್ದರೂ ಅಂಥವರ ಜಾಗ ಆಸ್ಪತ್ರೆ. ಯಾವುದೂ ಇಲ್ಲದಿದ್ದರೆ ಮಾತ್ರೆಗಳನ್ನು ಸರಿಪಡಿಸಿ, ದಿನಗಳ ಅವಧಿಯಲ್ಲಿ ಒತ್ತಡವನ್ನು ಇಳಿಸುತ್ತೇನೆ. ಇನ್ನೊಂದು ಎಚ್ಚರಿಕೆ: ಬೀಟಾ ತಡೆಯನ್ನು ಮತ್ತು ರಕ್ತದೊತ್ತಡದ ಮತ್ತೊಂದು ಔಷಧಿಯಾದ ಕ್ಲೊನಿಡಿನ್ ಅನ್ನು ಥಟ್ಟನೆ ನಿಲ್ಲಿಸಿದರೆ ಒತ್ತಡ ಪುಟಿದೇಳುತ್ತದೆ. ಊರಿಗೆ ಹೋಗುವಾಗ ಮಾತ್ರೆ ಮರೆತವರಲ್ಲಿ ಇದನ್ನು ಕಂಡಿದ್ದೇನೆ.

ಈಗ ನನ್ನ ಪ್ರತಿ ಚೀಟಿಯ ಕೆಳಗೆ ಎರಡು ಸಾಲು ಕೈಬರಹದಲ್ಲಿರುತ್ತದೆ. ವಾಂತಿ ಭೇದಿ ಆಗಿ ನೀರು ನಿಲ್ಲದ ದಿನ ಯಾವ ಮಾತ್ರೆಯನ್ನು ತಾತ್ಕಾಲಿಕವಾಗಿ ಬಿಟ್ಟು ನನಗೆ ಫೋನ್ ಮಾಡಬೇಕು ಎಂಬುದು ಒಂದು; ಸಾಮಾನ್ಯವಾಗಿ ಅದು ಮೂತ್ರವರ್ಧಕ ಮತ್ತು ಸಾರ್ಟನ್ ಅಥವಾ ಎಸಿಇ ತಡೆ. ಯಾವುದನ್ನು ಎಂತಹ ಸಂದರ್ಭದಲ್ಲೂ ಕೇಳದೆ ನಿಲ್ಲಿಸಬಾರದು ಎಂಬುದು ಇನ್ನೊಂದು. ಅವನ್ನು ರೋಗಿಯ ಕೈಗೆ ಕೊಡುವ ಮುನ್ನ ಒಮ್ಮೆ ಗಟ್ಟಿಯಾಗಿ ಓದಿ ಹೇಳಲು ಕೇಳುತ್ತೇನೆ. ಓದಲು ಬಾರದವರಾದರೆ ಜೊತೆಗೆ ಬಂದವರನ್ನು ಒಳಗೆ ಕರೆದು, ಮಾತ್ರೆಗಳ ಸ್ಟ್ರಿಪ್‌ಗಳನ್ನೇ ಮೇಜಿನ ಮೇಲಿಟ್ಟು, ನಿಲ್ಲಿಸಬೇಕಾದವುಗಳ ಮೇಲೆ ಪೆನ್ನಿನಿಂದ ಗುರುತು ಹಾಕಿಕೊಡುತ್ತೇನೆ.