ಹಾಲ್ ಗೋಡೆಗೆ ಕರಿ ಕಂಬಳಿ: ನನ್ನ ಅನುಭವ

"ಕಂಬಳೀಲಿ ಕೂತು ಉಣ್ಣೋವಾಗ ಕೂದಲು ಎಣಿಸಬಾರದು ಅಂತಾರೆ. ನೀನು ಗೋಡೆಗೇ ಹಾಕಿ ದಿನಾ ಎಣಿಸ್ತೀಯಾ?" ಅಂತ ನಕ್ಕವನು ನನ್ನ ಜೊತೆ ಹದಿನೈದು ವರ್ಷದಿಂದ ಪೆಲ್ಮೆಟ್ (ಕರ್ಟನ್ ರಾಡ್ ಮುಚ್ಚೋ ಮರದ ಪಟ್ಟಿ) ಮಾಡ್ತಿರೋ ಬಡಗಿ. ಈಗ ಅವನೇ ತನ್ನ ಗಿರಾಕಿಗಳನ್ನ ಕರ್ಕೊಂಡು ಬಂದು ನಮ್ಮ ಹಾಲ್ ತೋರಿಸ್ತಾನೆ. ಚಹಾ ಖರ್ಚು ನಂದು.

ದಾವಣಗೆರೆಯಲ್ಲಿ ಕರ್ಟನ್, ಕುಶನ್ ಕೆಲಸ ಶುರು ಮಾಡಿ 18 ವರ್ಷ ಆಯ್ತು. ಊರವರ ಮನೆ ಹಾಲ್‌ಗೆಲ್ಲಾ ಬುದ್ಧಿ ಹೇಳಿದವನಿಗೆ ತನ್ನ ಮನೆ ಹಾಲ್ ಮಾತ್ರ ಬಗ್ಗಲಿಲ್ಲ. 12 ಬೈ 16, ಸೀಲಿಂಗ್ 10 ಅಡಿ, ಬಾಗಿಲು ತೆಗೆದ ಕೂಡಲೇ ಎದುರಿಗೆ ಒಂದು ಬೋಳು ಗೋಡೆ. ಮೊದಲು ಜೂಮರ್, ಅಂದ್ರೆ ತೂಗುದೀಪದ ಗೊಂಚಲು ತಂದೆ, ಹೆಚ್ಚುಕಮ್ಮಿ 14 ಸಾವಿರ. ಫ್ಯಾನ್ ತಿರುಗಿದರೆ ಅದರ ನೆರಳು ಇಡೀ ಹಾಲ್ ತುಂಬಾ ಕುಣಿಯೋದು, ಮಾವನವರಿಗೆ ತಲೆ ಸುತ್ತು ಬಂತು. ಆಮೇಲೆ ಏಳು ಕುದುರೆ ಕ್ಯಾನ್ವಾಸ್, 9 ಸಾವಿರ. ನಮ್ಮ ಬೀದಿಯಲ್ಲೇ ಇನ್ನೂ ನಾಲ್ಕು ಮನೇಲಿ ಅದೇ ಕುದುರೆ ಓಡ್ತಿವೆ ಅಂತ ಗೊತ್ತಾದ ದಿನ ಇಳಿಸಿದೆ. ಮೂರನೇದು ಹೇಳೋಕೆ ನಾಚಿಕೆ: ಮಾರ್ಬಲ್ ಥರದ ಪಿವಿಸಿ ಶೀಟ್, ಮಧ್ಯೆ ಚಿನ್ನದ ಪಟ್ಟಿ. ಕೂಲಿ ಸೇರಿ 22 ಸಾವಿರದ ಹತ್ತಿರ. ಬೇಸಿಗೆಗೆ ಜಾಯಿಂಟ್ ಬಿಟ್ಟಿತು. ನನ್ನ ಹೆಂಡತಿ ಅದಕ್ಕೆ "ಲಾಡ್ಜ್ ರಿಸೆಪ್ಷನ್" ಅಂತ ಹೆಸರಿಟ್ಟಿದ್ದಳು.

ತಪ್ಪು ಆಗಿದ್ದೆಲ್ಲಿ ಅಂದ್ರೆ, ಮೂರು ಸಲಾನೂ ಅಂಗಡೀಲಿ ಮನಸೋತು ತಂದು, ಗೋಡೆ ಮೇಲೆ ಹೇರಿದ್ದೆ. ನಾಲ್ಕನೇ ಸಲ ಅಂಗಡಿಗೇ ಹೋಗಲಿಲ್ಲ. ಗೋಡೌನ್‌ನಲ್ಲಿ ಉಳಿದಿದ್ದ ಕಪ್ಪು ಬ್ಲ್ಯಾಕೌಟ್ ಬಟ್ಟೆ (ಬೆಳಕು ತಡೆಯೋ ಕರ್ಟನ್ ಬಟ್ಟೆ) ತಂದು ಗೋಡೆಗೆ ಟೇಪ್ ಹಾಕಿದೆ. 3 ಬೈ 5 ಮಡಿಸಿ ಮೂರು ದಿನ ಬಿಟ್ಟೆ, ಲಕೋಟೆ ಮೇಲಿನ ಸ್ಟಾಂಪ್ ಥರ ಕಾಣ್ತು. ಅಡ್ಡಡ್ಡ ಕಟ್ಟಿದೆ, ಸೀಲಿಂಗ್ ಕುಸಿದಂಗಾಯ್ತು. ನಾಲ್ಕೂವರೆ ಅಡಿ ಅಗಲ, 9 ಅಡಿ ಉದ್ದ ಬಿಟ್ಟಾಗ ಹಾಲ್ ಎದ್ದು ನಿಂತಿತು. ಗೇಟಿಂದ, ಅಡುಗೆಮನೆಯಿಂದ, ರಾತ್ರಿ ನೀರು ಕುಡಿಯೋಕೆ ಎದ್ದಾಗ, ಕರೆಂಟ್ ಹೋದಾಗ, ಹಿಂಗೆ ನೋಡಿ ನೋಡಿ ಹನ್ನೆರಡು ದಿನ ಕಳೆದೆ. ಬಂದವರೆಲ್ಲಾ "ಯಾರಾದ್ರೂ ಹೋದ್ರಾ?" ಅಂತ ಕೇಳೋರು. ಕೇಳಲಿ, ಅಳತೆ ಸಿಕ್ಕಿತ್ತು. ಆ ಅಳತೆಗೆ, ಆ ಕಪ್ಪಿಗೆ ನಮ್ಮ ಸೀಮೇಲಿ ಏನಿದೆ ಅಂತ ಯೋಚಿಸಿದ್ರೆ ಉತ್ತರ ಎಲ್ಲರ ಅಟ್ಟದ ಮೇಲೂ ಇದೆ.

ಚಳ್ಳಕೆರೆ ಕಡೆ ಹೋದೆ. ಅಲ್ಲಿನ ಕಂಬಳಿ ಕಪ್ಪಿಗೆ ಬಣ್ಣ ಬೇಕಿಲ್ಲ, ಕುರಿ ಮೈಯ ಕಪ್ಪೇ ಅದು. ಹತ್ತಿರದಿಂದ ನೋಡಿದ್ರೆ ಕಪ್ಪಿನೊಳಗೆ ಕಂದು ಎಳೆ, ಅಲ್ಲೊಂದು ಇಲ್ಲೊಂದು ನರೆಗೂದಲು. ಹಾಸಿನ ನೂಲಿಗೆ, ಅಂದ್ರೆ ಉದ್ದುದ್ದ ಹೋಗೋ ಎಳೆಗೆ, ಹುಣಸೆ ಬೀಜದ ಗಂಜಿ ಹಾಕಿರ್ತಾರೆ, ಅದಕ್ಕೇ ಹೊಸ ಕಂಬಳಿ ತಗಡಿನಂಗೆ ಸೆಟೆದಿರುತ್ತೆ. ಎರಡೂವರೆ ಸಾವಿರ ಕೊಟ್ಟು ತಂದೆ. ಕುರಿ ವಾಸನೆ ಇತ್ತು. ಇಲ್ಲಿ ನಾನು ಮಾಡಿದ ದಡ್ಡತನ: ಬಿಸಿ ನೀರು ಹಾಕಿ ವಾಷಿಂಗ್ ಮೆಷಿನ್‌ಗೆ ತುರುಕಿದೆ. ಉಣ್ಣೆ ಬಟ್ಟೆ ಬಿಸಿನೀರಲ್ಲಿ ಏನಾಗುತ್ತೆ ಅಂತ ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ, ಆದರೂ ಮಾಡಿದೆ. ಒಂದಡಿ ಕುಗ್ಗಿ, ಗಟ್ಟಿಯಾಗಿ, ಕೊಬ್ಬರಿ ಚಿಪ್ಪಿನಂಗಾಯ್ತು. ಈಗ ನಾಯಿ ಅದರ ಮೇಲೆ ಮಲಗುತ್ತೆ.

ಎರಡನೇ ಕಂಬಳಿಗೆ ಇನ್ನೂ ಮುನ್ನೂರು ಜಾಸ್ತಿ. ಇದನ್ನ ತೊಳೆಯಲೇ ಇಲ್ಲ, ಎರಡು ವಾರ ಟೆರೇಸ್ ನೆರಳಲ್ಲಿ ಹರವಿದ್ದೆ. ಅತ್ತೆ ತಕರಾರು ತೆಗೆದ್ರು: "ದೇವರಿಗೆ ಗದ್ದುಗೆ ಹಾಸೋ ಕಂಬಳೀನ ಮೊಳೆ ಹೊಡೆದು ನೇತಾಕ್ತೀಯಾ?" ಒಂದು ಸೋಮವಾರ ಅದರ ಮೇಲೇ ಮನೆದೇವರ ಪೂಜೆ ಮಾಡಿಸಿದೆ. ಆಮೇಲೆ ಅವರೇ ಧೂಳು ಕೊಡವೋರು.

ನೇತುಹಾಕೋದೇ ನಿಜವಾದ ಕೆಲಸ. ಮೊದಲು ರಾಡ್ ಮತ್ತು ರಿಂಗ್ ಹಾಕಿದೆ, ಮೇಲಂಚು ಹಲ್ಲುಹಲ್ಲಾಗಿ ಜೋತುಬಿತ್ತು. ವೆಲ್ಕ್ರೋನ ಮೆಷಿನ್‌ನಲ್ಲಿ ಹೊಲಿಯೋಕೆ ಹೋದೆ, 18ನೇ ನಂಬರ್ ಸೂಜಿ ಎರಡು ಮುರಿದವು, ಬಟ್ಟೆ ಸುಕ್ಕಾಯ್ತು. ಕೊನೆಗೆ ಎರಡಿಂಚು ವೆಲ್ಕ್ರೋನ ಮೊದಲು ಕಾಟನ್ ಪಟ್ಟಿಗೆ ಮೆಷಿನ್ ಹೊಲಿಗೆ ಹಾಕಿ, ಆ ಪಟ್ಟೀನ ಕಂಬಳಿಗೆ ಕೈಹೊಲಿಗೇಲಿ ಕೂರಿಸಿದೆ. ಪ್ರತಿ ಟಾಕಿಗೂ ಹಾಸಿನ ಎರಡೆರಡು ನೂಲು ಹಿಡೀಬೇಕು, ಹೊಕ್ಕು, ಅಂದ್ರೆ ಅಡ್ಡ ಎಳೆ, ಹಿಡಿದ್ರೆ ಭಾರಕ್ಕೆ ಜಾರುತ್ತೆ. ಎರಡು ರಾತ್ರಿ ಹಿಡಿಯಿತು. ಗೋಡೆಗೆ ಒಂದಿಂಚು ದಪ್ಪದ ಮರದ ರೀಪರ್ ಪಟ್ಟಿ, ಹಿಂದೆ ಗಾಳಿ ಆಡಲಿ ಅಂತ. ನುಸಿಗೆ ಬೇವಿನ ಸೊಪ್ಪಿನ ಜೊತೆ ಇನ್ನೊಂದು ಸೇರಿಸ್ತೀನಿ. ಅದನ್ನ ಹೇಳಲ್ಲ, ನೇಯೋರ ಮನೆ ವಿಳಾಸನೂ ಕೇಳಬೇಡಿ.

ಕಟ್ಟಿದ ಮೊದಲ ದಿನ ಎದೆ ಧಸಕ್ಕಂತು. ಕ್ರೀಮ್ ಗೋಡೆ ಮೇಲೆ ಕಂಬಳಿ ಕಾಣಲಿಲ್ಲ, ಗೋಡೆಗೆ ದೊಡ್ಡ ತೂತು ಬಿದ್ದಂಗೆ ಕಾಣ್ತು. ಗೋಡೆಗೆ ಕೆಮ್ಮಣ್ಣು ಬಣ್ಣ ಬಳಿಸಿದೆ, 1,800 ರೂಪಾಯಿ. ಮೇಲಿಂದ ಎಲ್ಇಡಿ ಪಟ್ಟಿ ಬಿಟ್ಟೆ. 6500 ಕೆಲ್ವಿನ್ ಬಿಳಿ ಬೆಳಕಿಗೆ ಕಪ್ಪು ಬೂದಿಯಾಯ್ತು, 3000ದ ಹಳದಿ ಬೆಳಕಿಗೆ ಇಳಿಸಿದ್ಮೇಲೆ ಉಣ್ಣೆಗೆ ಜೀವ ಬಂತು. ಗೋಡೆಗೆ 4 ಇಂಚು ಹತ್ತಿರ ಇಟ್ರೆ ಪ್ರತಿ ಉಬ್ಬೂ ಗುಡ್ಡ, 9 ಇಂಚಿಗೆ ಸರಿಹೋಯ್ತು. ಎಲ್ಲಾ ಸೇರಿ, ನಾಯಿ ಕಂಬಳೀನೂ ಲೆಕ್ಕಕ್ಕೆ ಹಿಡಿದ್ರೆ, 10 ಸಾವಿರ ದಾಟಿಲ್ಲ.

ಗೆದ್ದ ಹುಮ್ಮಸ್ಸಿನಲ್ಲಿ ಮಲಗೋ ಕೋಣೆಗೆ ಮೊಳಕಾಲ್ಮೂರು ರೇಷ್ಮೆ ಸೀರೆಯ ಸೆರಗು ಗ್ಲಾಸ್ ಫ್ರೇಮ್ ಮಾಡಿಸಿದೆ. ಪಡುವಣ ಕಿಟಕಿ ಬಿಸಿಲಿಗೆ ಒಂದೇ ವರ್ಷಕ್ಕೆ ನೇರಳೆ ಮಂಕಾಯ್ತು. ಸೀರೆ ಹೆಂಡತಿದು, ಆ ಮಾತು ಬೇಡ. ಗುಜರಿಯಿಂದ ಹತ್ತಿ ಗಿರಣಿಯ ಮರದ ಬಾಬಿನ್ ತಂದು ದೀಪ ಮಾಡಿದ್ದೂ ಆಯ್ತು. ಚೆನ್ನಾಗೇ ಇದೆ, ಆದರೆ ಹಾಲ್‌ನಲ್ಲಿಟ್ರೆ ಕಂಬಳಿ ಜೊತೆ ಜಗಳಕ್ಕೆ ನಿಲ್ಲುತ್ತೆ. ಮೇಲೆ ಕಳಿಸಿದೆ. ಹಾಲ್‌ನಲ್ಲಿದ್ದ ಶೋಕೇಸ್ ಗೊಂಬೆ, ಪ್ಲಾಸ್ಟಿಕ್ ಹೂವು ಎಲ್ಲಾ ಅದೇ ದಾರಿ ಹಿಡಿದವು.

ಎರಡು ಮಳೆಗಾಲ ಆಯ್ತು. ಜೋರು ಮಳೆ ಹಿಡಿದ ದಿನ ಈಗಲೂ ಸಣ್ಣಗೆ ಕುರಿ ವಾಸನೆ ಬರುತ್ತೆ. ಬಲಗಡೆ ಕೆಳಮೂಲೆ ಅರ್ಧ ಇಂಚು ಇಳಿದಿದೆ. ಬಡಗಿ ಅದನ್ನೇ ಬೆರಳಿಟ್ಟು ತೋರಿಸ್ತಾನೆ. ಕೆಳಗಿನ ತುದಿಗೂ ಮೊದಲೇ ವೆಲ್ಕ್ರೋ ಪಟ್ಟಿ ಹೊಲಿದಿಟ್ಟಿರೋದು ಅವನಿಗೆ ಗೊತ್ತಿಲ್ಲ. ದೀಪಾವಳಿಗೆ ಧೂಳು ಹೊಡೆಯೋವಾಗ ತಲೆಕೆಳಗು ಮಾಡಿ ಕಟ್ತೀನಿ.